ಸರ್ಕಾರದ ಕಣ್ಣಿಗೆ ಬಿದ್ದ ಜೋಡಿ

ಬೆರಿಲ್ ಬ್ಯಾಂಬರ್ ಮಾತಾಡಿದರೆ ಬೀದಿಯ ಆಚೆ ತುದಿಗೂ ಕೇಳುತ್ತಿತ್ತು. ಮೀನು ಹಿಡಿಯುವ ಹಡಗಿನವನ ಮಗಳು. ಇಪ್ಪತ್ತು ತುಂಬುವಷ್ಟರಲ್ಲಿ ಟ್ರ್ಯಾಮ್ ಕಂಡಕ್ಟರ್ ಆದವಳು ನಲವತ್ತು ವರ್ಷ ಅದೇ ಕೆಲಸದಲ್ಲಿದ್ದಳು. ನಮ್ಮೂರು ಫ್ಲೀಟ್‌ವುಡ್‌ನಿಂದ ಬ್ಲ್ಯಾಕ್‌ಪೂಲ್‌ವರೆಗೆ ಕಡಲ ಗಾಳಿಯ ಮೇಲೆ ನಿಲ್ದಾಣಗಳ ಹೆಸರು ಕೂಗಿ ಕೂಗಿ ಆ ಗಂಟಲು ಹಾಗೆ ಪಳಗಿತ್ತು. ನಾನು ಅವಳ ಎದುರು ಮನೆಯವಳು. ಮಗುವನ್ನು ಮಲಗಿಸಿದ ಹೊತ್ತಲ್ಲಿ ಬೆರಿಲ್ ನಮ್ಮ ಮನೆಗೆ ಬಂದಳೆಂದರೆ ನಾನು ಬಾಯಿಗೆ ಬೆರಳಿಟ್ಟುಕೊಂಡು ಬಾಗಿಲಿಗೆ ಓಡುತ್ತಿದ್ದೆ.

ಏವಿಸ್ ರಿಗ್ಬಿ ಅವಳಿಗೆ ಸಿಕ್ಕಿದ್ದು ಟ್ರ್ಯಾಮಿನಲ್ಲೇ. ಬ್ಲ್ಯಾಕ್‌ಪೂಲ್‌ನ ಒಂದು ನಾಟಕಶಾಲೆಗೆ ವೇಷದ ಬಟ್ಟೆ ಹೊಲಿಯುತ್ತಿದ್ದ ತೆಳ್ಳನೆಯ ಹುಡುಗಿ ಏವಿಸ್. ಬಟ್ಟೆ ತೊಡಿಸಿ ಅಳತೆ ನೋಡುವ ಆಳೆತ್ತರದ ಬೊಂಬೆಯೊಂದನ್ನು ಸೊಂಟಕ್ಕೆ ಅವಚಿಕೊಂಡು ಒಂದು ಬೇಸಿಗೆಯ ಬೆಳಿಗ್ಗೆ ಟ್ರ್ಯಾಮ್ ಹತ್ತಿದಳು.

"ಎರಡು ಟಿಕೆಟ್ ತಗೋಬೇಕು," ಎಂದಳು ಬೆರಿಲ್.

"ಎರಡ್ಯಾಕೆ? ಇದಕ್ಕೆ ತಲೆನೇ ಇಲ್ಲ."

"ತಲೆ ಇಲ್ದೋರು ದಿನಾ ಎಷ್ಟೋ ಜನ ಹತ್ತುತಾರೆ. ಎಲ್ರೂ ಟಿಕೆಟ್ ತಗೋತಾರೆ."

ಏವಿಸ್‌ಗೆ ನಗು ತಡೆಯಲಾಗಲಿಲ್ಲ. ತನ್ನ ನಿಲ್ದಾಣ ದಾಟಿಹೋದದ್ದು ಗೊತ್ತಾದದ್ದು ಟ್ರ್ಯಾಮ್ ಕೊನೆಗೆ ಹೋಗಿ ನಿಂತಾಗ. ಮುಂದಿನ ವರ್ಷ ಅದೇ ಬೊಂಬೆ ಮತ್ತು ಒಂದು ಸೂಟ್‌ಕೇಸ್ ಹೊತ್ತು ನಮ್ಮ ಬೀದಿಗೆ ಬಂದು ಬೆರಿಲ್ ಮನೆಯ ಮಹಡಿ ಹತ್ತಿದಳು. ಬೆರಿಲ್‌ಳ ತಾಯಿ ಆಗಿನ್ನೂ ಬದುಕಿದ್ದರು. "ಬಾಡಿಗೆಗೆ ಒಂದು ಹುಡುಗಿ ಬಂದಿದಾಳೆ," ಎಂದು ಬೀದಿಗೆಲ್ಲ ಹೇಳಿದರು. ಬೀದಿಯೂ ಹಾಗೇ ಹೇಳಿತು. ತಾಯಿ ತೀರಿಕೊಂಡ ಮೇಲೂ ಏವಿಸ್ ಬಾಡಿಗೆಯವಳಾಗಿಯೇ ಉಳಿದಳು. ನಿಜ ಏನೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆ ಕಾಲಕ್ಕೆ ಅದೇ ಮರ್ಯಾದೆ ಅಂದುಕೊಂಡಿದ್ದೆವು.

ಬಾಯಿ ಬಿಟ್ಟು ಹೇಳಿದವಳು ಒಬ್ಬಳೇ, ಪಕ್ಕದ ಮನೆಯ ಗ್ಲೆನಿಸ್. ಅವಳಿಗೆ ಕಾರಣವೂ ಇತ್ತು. ಅವಳ ಗಂಡ ಸಮುದ್ರದಲ್ಲಿ ಹೋಗಿಬಿಟ್ಟಿದ್ದ. ಇಬ್ಬರು ಚಿಕ್ಕ ಮಕ್ಕಳು, ಕೈಯಲ್ಲಿ ಸರ್ಕಾರ ಕೊಡುವ ವಿಧವಾ ಭತ್ಯೆ. ಕೆಲವು ವರ್ಷಗಳ ಮೇಲೆ ಬಸ್ ಡಿಪೋದ ಮೆಕ್ಯಾನಿಕ್ ಸಿರಿಲ್ ಭಾನುವಾರದ ಊಟಕ್ಕೆ ಬರತೊಡಗಿದ, ಬರಬರುತ್ತಾ ಅಲ್ಲೇ ಉಳಿದುಬಿಟ್ಟ. ಯಾರೋ ದೂರು ಕೊಟ್ಟರು. ಭತ್ಯೆ ಕಚೇರಿಯ ಅಧಿಕಾರಿಯೊಬ್ಬ ಬೆಳಿಗ್ಗೆ ಬೆಳಿಗ್ಗೆಯೇ ಬಾಗಿಲು ತಟ್ಟಿ ಒಳಗೆ ಬಂದು ಬಚ್ಚಲುಮನೆಯಲ್ಲಿ ಒಂದು ರೇಜರ್ ನೋಡಿದ. ಗಂಡಸಿನ ಜೊತೆ ಸಂಸಾರ ನಡೆಸುತ್ತಿದ್ದಾಳೆ ಎಂದು ಬರೆದುಕೊಂಡು ಹೋದ. ಗಂಡಸು ಜೊತೆಗಿದ್ದರೆ ವಿಧವೆಗೆ ಭತ್ಯೆಯಿಲ್ಲ ಎನ್ನುವುದು ನಿಯಮ, ಭತ್ಯೆ ನಿಂತಿತು. ಅದು ಮರಳಿ ಬರಬೇಕಾದರೆ ಸಿರಿಲ್ ತನ್ನ ತಾಯಿ ಮನೆಗೆ ವಾಪಸ್ ಹೋಗಬೇಕಾಯಿತು. ಅಂದಿನಿಂದ ಅವನು ಊಟಕ್ಕೆ ಬಂದರೂ ಸಂಜೆಯಾದೊಡನೆ ಟೋಪಿ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಅದೇ ಅಧಿಕಾರಿ ಪಕ್ಕದ ಬೆರಿಲ್ ಮನೆಗೂ ಬಂದ. ಅಷ್ಟರಲ್ಲಿ ಏವಿಸ್‌ಳ ಬೆರಳುಗಳನ್ನು ಸಂಧಿವಾತ ಹಿಡಿದಿತ್ತು. ಸೂಜಿ ಹಿಡಿಯಲಾಗದೆ ಕೆಲಸ ಬಿಟ್ಟು ಸರ್ಕಾರದ ನೆರವು ಕೇಳಿದ್ದಳು. ಅವನು ಮಹಡಿ ಹತ್ತಿ ಒಂದೇ ಡಬಲ್ ಮಂಚ, ಅದರ ಕೆಳಗೆ ಎರಡು ಜೊತೆ ಚಪ್ಪಲಿ ನೋಡಿದ. ಕೆಳಗಿಳಿದು ಬಂದು "ಒಂಟಿ ಹೆಂಗಸು" ಎಂದು ಬರೆದುಕೊಂಡ. ಏವಿಸ್‌ಗೆ ಪೂರ್ತಿ ನೆರವು ಸಿಕ್ಕಿತು.

ಗ್ಲೆನಿಸ್ ಹೊಟ್ಟೆ ಉರಿದುಹೋಯಿತು. "ನಮ್ಮನೇಲಿ ಒಂದು ರೇಜರ್ ಕಂಡ್ತು. ನಿಮ್ಮನೇಲಿ ಅಷ್ಟು ದೊಡ್ಡ ಮಂಚ ಕಾಣ್ಲಿಲ್ವಾ ಆ ಕುರುಡನಿಗೆ?"

"ನಾವು ಅವರ ಲೆಕ್ಕಕ್ಕೇ ಇಲ್ಲ ಕಣೇ," ಎಂದು ಏವಿಸ್ ನಕ್ಕಳು.

"ಪುಣ್ಯ ಮಾಡಿದೀರಿ!"

ಬೆರಿಲ್ ಕೂಡ ನಗುತ್ತಿದ್ದಳು. ಆದರೆ ಅವಳೊಳಗೆ ಒಂದು ಮುಳ್ಳು ಮುರಿದುಕೊಂಡಿತ್ತು. ಒಮ್ಮೆ ಏವಿಸ್‌ಗೆ ಪಿತ್ತಕೋಶದ ಆಪರೇಷನ್ ಆದಾಗ ಬೆರಿಲ್ ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಆಸ್ಪತ್ರೆಗೆ ಓಡಿದ್ದಳು. "ನೀವು ಅವರಿಗೆ ಏನಾಗ್ಬೇಕು?" ಎಂದು ನರ್ಸ್ ಕೇಳಿದಳು. ಇಡೀ ಟ್ರ್ಯಾಮ್ ನಡುಗಿಸುವ ಆ ಗಂಟಲಿನಿಂದ ಮಾತೇ ಹೊರಡಲಿಲ್ಲ. ಕೊನೆಗೆ "ಮನೆ ಮಾಲೀಕಳು," ಎಂದಳಂತೆ. "ಬಾಡಿಗೆ ವಸೂಲಿಗೆ ಇಲ್ಲಿಗ್ಯಾಕೆ ಬಂದ್ರಿ? ಸಂಬಂಧಿಕರು ಮಾತ್ರ ಒಳಗೆ," ಎಂದು ನರ್ಸ್ ಬಾಗಿಲು ಹಾಕಿದಳು. ಬೆರಿಲ್ ಹೊರಗೆ ಜಿಟಿಜಿಟಿ ಮಳೆಯಲ್ಲಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಏವಿಸ್ ಮಲಗಿದ್ದ ಮಹಡಿಯ ಕಿಟಕಿಯನ್ನೇ ನೋಡುತ್ತಿದ್ದಳು. ಇದನ್ನು ನನಗೆ ಹೇಳುವುದಕ್ಕೂ ಅವಳಿಗೆ ಎಷ್ಟೋ ವರ್ಷ ಬೇಕಾಯಿತು.

ಎರಡು ಸಾವಿರದ ಐದನೇ ಇಸವಿಯ ಶರತ್ಕಾಲ. ಬೆರಿಲ್ ನಿವೃತ್ತಳಾಗಿ ಮನೆಯಲ್ಲಿದ್ದಳು. ನಾನೂ ಅವರಿಬ್ಬರೂ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ಗ್ಲೆನಿಸ್ ಬಿಂಗೋ ಆಟದಿಂದ ಏದುಸಿರು ಬಿಡುತ್ತಾ ನೇರ ಒಳಗೆ ನುಗ್ಗಿದಳು.

"ಬಂತು! ಕೊನೆಗೂ ನಿಮಗೂ ಬಂತು!"

"ಏನು ಬಂತು? ಜ್ವರಾನಾ?" ಎಂದಳು ಏವಿಸ್.

"ಕಾನೂನು ಕಣೇ! ಡಿಸೆಂಬರ್‌ನಿಂದ ಇಬ್ಬರು ಹೆಂಗಸರು, ಇಬ್ಬರು ಗಂಡಸರು ಹೋಗಿ ರಿಜಿಸ್ಟರ್ ಮಾಡಿಸ್ಕೋಬಹುದು, ಮದುವೆ ಇದ್ದ ಹಾಗೇ. ಅಷ್ಟೇ ಅಲ್ಲ. ಮಾಡಿಸ್ಕೊಳ್ದೆ ಸುಮ್ನೆ ಒಟ್ಟಿಗಿದ್ರೂನೂ ಭತ್ಯೆ ಆಫೀಸಿನೋರು ಜೋಡಿ ಅಂತಲೇ ಹಿಡೀತಾರೆ. ಒಬ್ರ ಆದಾಯ ಇನ್ನೊಬ್ರ ಲೆಕ್ಕಕ್ಕೆ. ನನಗೂ ಸಿರಿಲ್‌ಗೂ ಮಾಡಿದ್ರಲ್ಲ, ಥೇಟ್ ಹಾಗೇ!"

ಬೆರಿಲ್ ದಡಕ್ಕನೆ ಎದ್ದಳು. ಅವಳ ಚಹಾದ ಕಪ್ ಮೇಜಿನ ಮೇಲೆ ಉರುಳಿತು. "ಅಂದ್ರೆ ಸರ್ಕಾರ ನಮ್ಮನ್ನ ಜೋಡಿ ಅನ್ನುತ್ತಾ?"

"ಅನ್ನುತ್ತೆ. ಅಂದು ದುಡ್ಡು ನಿಲ್ಸುತ್ತೆ."

ಎರಡನೆಯ ಮಾತು ಬೆರಿಲ್ ಕಿವಿಗೆ ಬೀಳಲೇ ಇಲ್ಲ. ಕೆಟಲ್ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಗಿರ್ರನೆ ಸುತ್ತಿದಳು. ಬಿಸಿನೀರು ಚೆಲ್ಲುತ್ತದೆಂದು ನಾವು ಮೂವರೂ ಗೋಡೆಗೆ ಅಂಟಿಕೊಂಡೆವು. "ಜೋಡಿಯಂತೆ! ಕೇಳಿದೆಯಾ ಏವಿಸ್? ಲಂಡನ್‌ನಲ್ಲಿ ಕೂತ್ಕೊಂಡು ಅವರು ನಮ್ಮನ್ನ ಜೋಡಿ ಅಂದಿದಾರಂತೆ!"

ಏವಿಸ್ ಚೆಲ್ಲಿದ ಚಹಾ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

"ಮೂವತ್ತಾರು ವರ್ಷ ನಾನು ನಿನಗೆ ಯಾರೂ ಅಲ್ಲ ಅಂದ್ರು," ಎಂದಳು. "ನೀನು ಸತ್ರೆ ನಿನ್ನ ಪೆನ್ಶನ್‌ನಲ್ಲಿ ನನಗೆ ಕಾಸಿಲ್ಲ ಅಂದ್ರು. ಈಗ ಇರೋದನ್ನ ಕಿತ್ಕೊಳ್ಳೋದಕ್ಕೆ ಮಾತ್ರ ನಾನು ನಿನ್ನ ಹೆಂಡ್ತಿನಾ?"

"ಹೋಗ್ಲಿ ಬಿಡು ಚಿನ್ನ. ನನ್ನ ಪೆನ್ಶನ್ ಇಲ್ವಾ? ಇಬ್ಬರಿಗೂ ಸಾಕು."

"ಅದು ನಿನ್ನದು. ಒಂದು ದಾರದುಂಡೆ ಬೇಕಂದ್ರೂ ನಿನ್ನ ಮುಂದೆ ಕೈ ಒಡ್ಡಬೇಕಾ? ನಮ್ಮಮ್ಮ ಶುಕ್ರವಾರ ಸಂಜೆ ಬಾಗಿಲಿಗೆ ಅಡ್ಡ ನಿಂತ್ಕೊಳ್ಳೋಳು, ಅಪ್ಪ ಪಬ್‌ಗೆ ಹೋಗೋಕೆ ಮುಂಚೆ ಮನೆ ಖರ್ಚಿಗೆ ಇಸ್ಕೊಳ್ಳೋಕೆ. ಆ ಮುಖ ನೋಡಿದೀನಿ ನಾನು. ಆ ಮುಖ ನನಗೆ ಬೇಡ."

ಬೆರಿಲ್ ಕೆಟಲನ್ನು ಒಲೆಯ ಮೇಲೆ ಇಟ್ಟಳು. ಗ್ಲೆನಿಸ್ ನಡುವೆ ಬಾಯಿ ಹಾಕಿದಳು. "ಇಷ್ಟಕ್ಕೆಲ್ಲ ಜಗಳ ಯಾಕ್ರೇ? ಬಾಡಿಗೆಯವಳು ಅಂತ ಹೇಳ್ಕೊಂಡು ಬಂದಿದೀರಿ, ಇನ್ನೂ ಹಾಗೇ ಹೇಳಿ. ಹೊಲಿಗೆ ಕೋಣೇಲಿ ಒಂದು ಮಂಚ ಹಾಕಿದ್ರೆ ಆಯ್ತು."

"ಹೆದರ್ಕೊಂಡು ಇಷ್ಟು ವರ್ಷ ಇವಳನ್ನ ಬಾಡಿಗೆಯವಳು ಅಂದೆ," ಎಂದಳು ಬೆರಿಲ್. ಅವಳ ದನಿ ಅಷ್ಟು ತಗ್ಗಿದ್ದನ್ನು ನಾನು ಕೇಳಿರಲಿಲ್ಲ. "ಈಗ ದುಡ್ಡಿಗೋಸ್ಕರನೂ ಅನ್ಬೇಕಾ?"

ಏವಿಸ್ ಮಾತ್ರ ಪಟ್ಟು ಬಿಡಲಿಲ್ಲ. ಮರುದಿನವೇ ಸಿರಿಲ್‌ನನ್ನು ಕರೆಸಿ ಮಡಚುವ ಮಂಚವೊಂದನ್ನು ಹೊಲಿಗೆ ಕೋಣೆಗೆ ಹೊರಿಸಿದಳು. ಹಾಸಿಗೆ ಹಾಸಿ, ದಿಂಬಿನ ಮೇಲೆ ಕನ್ನಡಕ, ಒಂದು ಪುಸ್ತಕ ಇಟ್ಟಳು, ಈಗಷ್ಟೇ ಎದ್ದು ಹೋದವರ ಹಾಗೆ. ಬೆರಿಲ್ ಆ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಮೂಗಿನಿಂದ ಒಂದು ಸದ್ದು ಮಾಡುತ್ತಿದ್ದಳು. ಆ ಮಂಚದ ಮೇಲೆ ಮಲಗುತ್ತಿದ್ದದ್ದು ಅವರ ಬೆಕ್ಕು. ಏವಿಸ್ ಎಂದಿನಂತೆ ಬೆರಿಲ್ ಪಕ್ಕದಲ್ಲೇ ಮಲಗುತ್ತಿದ್ದಳು, ಮಾತು ಬಿಟ್ಟಿದ್ದರೂ.

ಡಿಸೆಂಬರ್‌ನಲ್ಲಿ ಅಧಿಕಾರಿ ಬರುವುದು ಖಚಿತವಾಯಿತು. ಏವಿಸ್ ನನ್ನನ್ನು ಮೊದಲೇ ಕರೆಸಿಕೊಂಡಿದ್ದಳು. "ನೀನು ಎದುರು ಮನೆಯವಳು. ಕೇಳಿದ್ರೆ ಬಾಡಿಗೆಯವಳು ಅಂತ ಹೇಳು," ಎಂದಿದ್ದಳು. ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ.

ಬಂದವಳು ಮಿಸ್ ಇಡನ್ ಎನ್ನುವ ಚಿಕ್ಕ ವಯಸ್ಸಿನ ಹೆಂಗಸು. ನೆಗಡಿಯಾಗಿ ಮೂಗು ಕೆಂಪಗಾಗಿತ್ತು. ನಮಗಿಂತ ಅವಳೇ ಹೆಚ್ಚು ಹೆದರಿದ್ದಳು. ಏವಿಸ್ ಕೊಟ್ಟ ಬಿಸ್ಕತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಿದಳು.

"ಮಿಸ್ ರಿಗ್ಬಿ, ಮಿಸ್ ಬ್ಯಾಂಬರ್, ಕೆಲವು ಪ್ರಶ್ನೆ ಕೇಳ್ಬೇಕು. ಬೇಜಾರು ಮಾಡ್ಕೋಬೇಡಿ. ಮನೇಲಿ ಅಡುಗೆ ಯಾರು ಮಾಡ್ತೀರಿ?"

"ನಾನು," ಎಂದಳು ಬೆರಿಲ್.

"ಇವಳಾ?" ಏವಿಸ್ ತಟ್ಟನೆ ತಿರುಗಿದಳು. "ಮೊಟ್ಟೆ ಬೇಯಿಸೋಕೆ ಹೋಗಿ ನೀರು ಸೀದುಹೋಗಿದೆ ಇವಳ ಕೈಯಲ್ಲಿ!"

"ನಿನಗೆ ಕೈ ನೋವು ಅಂತ ತಾನೇ ನಾನು ಒಲೆ ಮುಂದೆ ನಿಲ್ಲೋದು?"

"ನೀನು ಮಾಡ್ತೀಯ, ನಾನು ತಿಂತೀನಿ. ಯಾರ ಕಷ್ಟ ದೊಡ್ಡದು ಅಂತ ಇವರನ್ನೇ ಕೇಳು."

ಮಿಸ್ ಇಡನ್ ಕೆಮ್ಮಿದಳು. "ಬಟ್ಟೆ ಒಗೆಯೋದು... ಬೇರೆ ಬೇರೆನಾ?"

"ಬೇರೆ ಮಾಡು ಅಂತ ಬಡ್ಕೋತೀನಿ!" ಎಂದಳು ಏವಿಸ್. "ಎಲ್ಲಾ ಒಟ್ಟಿಗೇ ಮೆಷಿನ್‌ಗೆ ತುರುಕ್ತಾಳೆ. ಇವಳ ಕೆಂಪು ಕಾಲುಚೀಲದ ದೆಸೆಯಿಂದ ನನ್ನ ಬಿಳಿ ಬಟ್ಟೆ ಒಂದೂ ಬಿಳಿಯಾಗಿ ಉಳಿದಿಲ್ಲ."

ತಾನು ಬಾಡಿಗೆಯವಳು ಎನ್ನುವುದು ಏವಿಸ್‌ಗೆ ಮರೆತೇಹೋಗಿತ್ತು. ನಾನು ಮೇಜಿನ ಕೆಳಗಿಂದ ಕಾಲು ತಿವಿದೆ. ಅದು ಬೆರಿಲ್ ಕಾಲಿಗೆ ತಾಗಿತು. ಬೆರಿಲ್ ನನ್ನತ್ತ ನೋಡಿ ಹುಬ್ಬು ಹಾರಿಸಿದಳು.

"ಮಲಗೋ ಕೋಣೆ ವಿಷಯ ನಾನು ಕೇಳೋ ಹಾಗಿಲ್ಲ," ಎಂದಳು ಮಿಸ್ ಇಡನ್, ಕಿವಿಯವರೆಗೂ ಕೆಂಪಾಗಿ.

"ಕೇಳಿದ್ರೂ ಪರವಾಗಿಲ್ಲಮ್ಮ. ಅಲ್ಲೊಂದು ಹೊಸ ಮಂಚ ಇದೆ, ಬೆಕ್ಕಿಗೆ."

"ಬೆರಿಲ್!"

ಮಿಸ್ ಇಡನ್ ನಗುವನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಸೀನಿದಂತೆ ಮಾಡಿದಳು. ಆಮೇಲೆ ಪೆನ್ನು ಕೆಳಗಿಟ್ಟು, ಏವಿಸ್‌ಳ ಮಡಿಲಲ್ಲಿದ್ದ ಸೊಟ್ಟ ಬೆರಳುಗಳನ್ನು ನೋಡುತ್ತಾ ಮೆಲ್ಲಗೆ ಕೇಳಿದಳು. "ಮಿಸ್ ರಿಗ್ಬಿ, ನಿಮಗೆ ತುಂಬ ನೋವಿರೋ ದಿನ ನಿಮ್ಮನ್ನ ನೋಡ್ಕೊಳ್ಳೋರು ಯಾರು?"

ಏವಿಸ್ ಬಾಯಿ ತೆರೆದಳು. ಕಲಿತಿಟ್ಟುಕೊಂಡಿದ್ದ ಉತ್ತರವೊಂದು ಇತ್ತು, ಅದು ಬರಲಿಲ್ಲ. ಅವಳ ಕೈ ತಾನಾಗಿಯೇ ತನ್ನ ಉಣ್ಣೆಯ ಅಂಗಿಯ ಗುಂಡಿಯ ಮೇಲೆ ಹೋಯಿತು. ಬೆರಿಲ್ ಅಷ್ಟರಲ್ಲಿ ಎದ್ದುಹೋಗಿ ನಮಗೆ ಬೆನ್ನು ಮಾಡಿ, ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದಳು.

"ಇದನ್ನ ಹಾಕೋಳು ಇವಳು," ಎಂದಳು ಏವಿಸ್. "ದಿನಾ ಬೆಳಿಗ್ಗೆ. ತಲೆ ಬಾಚೋಳೂ ಇವಳೇ, ಕೆಟ್ಟದಾಗಿ. ಬಾಡಿಗೆಯವಳಿಗೆ ಯಾರಾದ್ರೂ ಗುಂಡಿ ಹಾಕ್ತಾರೇನಮ್ಮಾ? ಬರ್ಕೊಳ್ಳಿ. ನಾವು ಜೋಡಿ."

ಸಿಂಕಿನಲ್ಲಿ ಕಪ್ಪು ಠಣ್ಣೆಂದಿತು.

"ಇದರಿಂದ ನಿಮ್ಮ ನೆರವು ನಿಂತುಹೋಗುತ್ತೆ, ಗೊತ್ತಲ್ವಾ?"

"ಗೊತ್ತು. ಇನ್ನೊಂದೂ ಬರ್ಕೊಳ್ಳಿ. ಇದನ್ನ ಕೇಳೋಕೆ ನೀವು ಮೂವತ್ತಾರು ವರ್ಷ ತಡ ಮಾಡಿದ್ರಿ ಅಂತ."

"ಅದಕ್ಕೆ ಇದರಲ್ಲಿ ಜಾಗ ಇಲ್ಲ, ಮೇಡಂ."

"ಅಂಚಲ್ಲಿ ಬರೀರಿ."

ಮಿಸ್ ಇಡನ್ ಒಂದು ಗಳಿಗೆ ಯೋಚಿಸಿ ಅಂಚಿನಲ್ಲಿ ಬರೆದಳು. ನಾನು ಕಣ್ಣಾರೆ ಕಂಡೆ.

ಬೆರಿಲ್ ಒದ್ದೆ ಕೈಯಲ್ಲೇ ಓಡಿಹೋಗಿ ಬೀದಿ ಬಾಗಿಲು ತೆರೆದಳು. ಅವಳು ಕೂಗಿದ್ದು ಬಂದರಿನಲ್ಲಿ ನಿಂತವರಿಗೂ ಕೇಳಿಸಿರಬೇಕು. "ಗ್ಲೆನಿಸ್! ನಾವಿಬ್ರೂ ಜೋಡಿ!"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. "ಅದು ಊರಿಗೆಲ್ಲ ಗೊತ್ತಿರೋದೇ! ಬಾಗಿಲು ಹಾಕೇ, ಮನೆಯೊಳಗಿನ ಬಿಸಿಯೆಲ್ಲ ಹೋಗುತ್ತೆ!"

ಕ್ರಿಸ್‌ಮಸ್ ಕಳೆದ ಮೇಲೆ ಏವಿಸ್‌ಳ ಹಣ ನಿಂತಿತು. ಹೇಳಿದ್ದಕ್ಕೆ ಅವಳಿಗೆ ಪಶ್ಚಾತ್ತಾಪವಿರಲಿಲ್ಲ, ಆದರೂ ಸಂಭ್ರಮವೂ ಇರಲಿಲ್ಲ. ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಬೇಕಾದದ್ದನ್ನು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ. ಇದನ್ನು ಕೆಲವು ದಿನ ನೋಡಿದ ಬೆರಿಲ್ ಒಂದು ಬೆಳಿಗ್ಗೆ ಅವಳಿಗೆ ಕೋಟು ತೊಡಿಸಿ, ಎಲ್ಲಿಗೆಂದು ಹೇಳದೆ ಬ್ಯಾಂಕಿಗೆ ಎಳೆದುಕೊಂಡು ಹೋದಳು. ತನ್ನ ಖಾತೆಗೆ ಏವಿಸ್‌ಳ ಹೆಸರನ್ನೂ ಸೇರಿಸಿದಳು. ಕಾರ್ಡ್ ಮನೆಗೆ ಬಂದ ದಿನ ಅದನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟು ಹೇಳಿದಳು, "ಇದು ನಾನು ನಿನಗೆ ಕೊಡ್ತಿರೋದಲ್ಲ. ಖಾತೇಲಿ ಇಬ್ರ ಹೆಸರೂ ಇದೆ. ನೀನು ಕೇಳ್ಬೇಡ, ನಾನೂ ಕೇಳಲ್ಲ."

ಏವಿಸ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅದನ್ನು ಹಿಡಿದು ಹೊರಗೆ ಹೋದವಳು ಮಧ್ಯಾಹ್ನ ಒಂದು ದೊಡ್ಡ ಗಂಟು ಹೊತ್ತು ಬಂದಳು. ನೇರಳೆ ಬಣ್ಣದ ಉಣ್ಣೆ ಬಟ್ಟೆ, ಒಳ್ಳೆಯದು.

"ಇಷ್ಟೊಂದಾ!" ಎಂದುಬಿಟ್ಟಳು ಬೆರಿಲ್.

"ಕೇಳಲ್ಲ ಅಂದಿದ್ದೆ."

"ಬಾಯಿ ತಪ್ಪಿ ಬಂತು. ಆದ್ರೂ... ಏನಕ್ಕೆ?"

"ಮದುವೆಗೆ. ದಂಡ ಕಟ್ಟಾಯ್ತಲ್ಲ, ಊಟನಾದ್ರೂ ಬೇಡ್ವಾ ನಮಗೆ?"

ಬೆರಿಲ್ ಮಹಡಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗ್ಲೆನಿಸ್‌ಗೂ ನನಗೂ ಸುದ್ದಿ ಮುಟ್ಟಿದಾಗ ಅವಳು ಅಲ್ಲೇ ಕೂತಿದ್ದಳು, ಒಂದು ಕೈಯಲ್ಲಿ ಆ ಬಟ್ಟೆಯ ತುದಿ ಹಿಡಿದುಕೊಂಡು.

ಆಮೇಲೆ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರಿಗೂ ಎರಡು ಕೋಟು ತಾನೇ ಹೊಲಿಯುತ್ತೇನೆಂದು ಏವಿಸ್ ಹಟ ಹಿಡಿದಳು. ನೋವಿಲ್ಲದ ದಿನ ಒಂದು ತೋಳು, ನೋವಿನ ದಿನ ಬರೀ ಬೈಗುಳ. ಗ್ಲೆನಿಸ್ ಸೂಜಿಗೆ ದಾರ ಪೋಣಿಸಿದಳು, ನಾನು ಕತ್ತರಿ ಹಿಡಿದೆ. ಕತ್ತರಿಸಿದ್ದು ಸೊಟ್ಟಗಾಯಿತೆಂದು ಬೈಸಿಕೊಂಡೆ. ಬೆರಿಲ್‌ಳ ಹಳೆಯ ಜೊತೆಗಾರರು ಡಿಪೋದಲ್ಲಿ ಯಾರು ಯಾರನ್ನೋ ಕಾಡಿ ಬೇಡಿ, ಕೆನೆ ಮತ್ತು ಹಸಿರು ಬಣ್ಣದ ಒಂದು ಹಳೇ ಟ್ರ್ಯಾಮನ್ನು ಒಂದು ದಿನದ ಮಟ್ಟಿಗೆ ಗೊತ್ತುಮಾಡಿದರು.

ಮೇ ತಿಂಗಳ ಶನಿವಾರ. ಬಿಸಿಲು ಬಿದ್ದಿತ್ತು, ಗಾಳಿ ಟೋಪಿಗಳನ್ನು ಹಾರಿಸುತ್ತಿತ್ತು. ಟ್ರ್ಯಾಮ್ ತುಂಬ ನಾವೇ. ಕಿಟಕಿಗಳಿಗೆಲ್ಲ ರಿಬ್ಬನ್. ದಾರಿಯ ನಿಲ್ದಾಣಗಳಲ್ಲಿ ನಿಂತಿದ್ದವರು ಇದು ಮಾಮೂಲಿ ಗಾಡಿಯೆಂದು ಕೈ ತೋರಿಸಿದರು. ಬೆರಿಲ್ ಸುಮ್ಮನಿರುತ್ತಾಳೆಯೇ? "ಹತ್ತಿಸ್ಕೊಳ್ರೋ, ಪಾಪ!" ಎಂದಳು. ಬಕೆಟ್ಟು ಸಲಿಕೆ ಹಿಡಿದು ಕಡಲ ದಂಡೆಗೆ ಹೊರಟಿದ್ದ ಒಂದು ಸಂಸಾರ, ಮೂವರು ಮುದುಕಿಯರು ನಮ್ಮೊಡನೆ ಸೇರಿಕೊಂಡರು. ವಿಷಯ ಗೊತ್ತಾದ ಮೇಲೆ ಮುದುಕಿಯರು ಇಳಿಯಲೇ ಇಲ್ಲ. ನೇರ ನೋಂದಣಿ ಕಚೇರಿಗೇ ಬಂದು ಮುಂದಿನ ಸಾಲಿನಲ್ಲಿ ಕೂತರು.

ಹೇಳಬೇಕಾದ ಮಾತನ್ನು ಹೇಳುವ ಸರದಿ ಬಂದಾಗ ಬೆರಿಲ್ ಗಂಟಲಿನಿಂದ ಹೊರಟದ್ದು ಇಲಿಮರಿಯಂಥ ಸದ್ದು. ಎರಡನೇ ಸಲವೂ ಅಷ್ಟೇ. ಟ್ರ್ಯಾಮಿನವರೆಲ್ಲ ಗೊಳ್ಳೆಂದು ನಕ್ಕರು. ಏವಿಸ್ ಅವಳ ಮೊಣಕೈ ಹಿಡಿದು, "ನಿಧಾನ ಕಣೇ, ಟ್ರ್ಯಾಮ್ ಎಲ್ಲೂ ಹೋಗಲ್ಲ," ಎಂದಳು. ಮೂರನೇ ಸಲ ಮಾತು ಬಂತು, ಅಳುವಿನ ಜೊತೆ. ಏವಿಸ್ ಮಾತ್ರ ತನ್ನದನ್ನು ಒಂದೇ ಉಸಿರಿಗೆ, ಗಟ್ಟಿಯಾಗಿ ಹೇಳಿ ಮುಗಿಸಿದಳು. ಸಹಿ ಮಾಡುವಾಗ ಅವಳ ಬೆರಳಿನಿಂದ ಪೆನ್ನು ಜಾರಿತು. ಬೆರಿಲ್ ಕೈ ನೀಡಿದಳು.

"ಬೇಡ. ಇದೊಂದನ್ನ ನಾನೇ ಮಾಡ್ತೀನಿ."

ಎರಡೂ ಕೈಯಲ್ಲಿ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಬರೆದಳು. ಅಷ್ಟು ಹೊತ್ತೂ ಆ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ಕೊನೆಯ ಅಕ್ಷರ ಮುಗಿದಾಗ ಎದ್ದ ಕೂಗಿಗೆ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದ ಇನ್ನೊಂದು ಮದುವೆಯ ದಿಬ್ಬಣದವರು ಇಣುಕಿ ನೋಡಿದರು.

ಊಟ ಮೀನುಗಾರರ ಕ್ಲಬ್ಬಿನಲ್ಲಿ. ಕುರಿಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಪಾಟ್, ಕೆಂಪು ಎಲೆಕೋಸಿನ ಉಪ್ಪಿನಕಾಯಿ, ಬೇಕಾದಷ್ಟು ಬಿಯರ್. ಗ್ಲೆನಿಸ್ ಸಿರಿಲ್‌ನನ್ನು ಕುಣಿತಕ್ಕೆ ಎಳೆದಳು. ಈಗ ಇಬ್ಬರಿಗೂ ಮುಪ್ಪಿನ ಪೆನ್ಶನ್, ವಿಧವಾ ಭತ್ಯೆಯ ಹಂಗು ಮುಗಿದಿತ್ತು. ಆದರೂ ಅಭ್ಯಾಸಬಲ, ಕತ್ತಲಾಗುತ್ತಿದ್ದಂತೆ ಅವನು ಟೋಪಿಗೆ ಕೈ ಹಾಕಿದ. ಗ್ಲೆನಿಸ್ ಅದನ್ನು ಕಿತ್ತುಕೊಂಡು ಅದರ ಮೇಲೇ ಕೂತಳು.

ಆ ಬೇಸಿಗೆಯಲ್ಲಿ ಸುದ್ದಿ ಕೇಳಿದ ಅವರಂಥ ಜೋಡಿಗಳು ಆ ಮನೆಯ ಬಾಗಿಲಿಗೆ ಬರತೊಡಗಿದರು. ನಿಯಮ ನಮಗೂ ತಾಗುತ್ತದಾ, ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಕೇಳಿಕೊಂಡು. ಹತ್ತಿರದ ಕ್ಲೀವ್‌ಲೀಸ್‌ನಿಂದ ಇಬ್ಬರು ವಯಸ್ಸಾದ ಗಂಡಸರು ಬಂದದ್ದು ನನಗೆ ಚೆನ್ನಾಗಿ ನೆನಪಿದೆ, ವಿಲ್ಫ್ ಮತ್ತು ಎಡ್ಗರ್. ಬೆರಿಲ್ ಮದುವೆಯ ಫೋಟೋ ತೆಗೆದು ತೋರಿಸಲು ಶುರು ಮಾಡಿದಳು. ಎಡ್ಗರ್ ಅವನ್ನು ಮುಟ್ಟಲಿಲ್ಲ.

"ನಿಮಗೆ ಇದು ಹಬ್ಬ," ಎಂದ. "ನನ್ನ ಅಣ್ಣ ಚರ್ಚಿನಲ್ಲಿ ಹಿರಿಯ. ಅವನಿಗೆ ಗೊತ್ತಿಲ್ಲ. ಯಾರಿಗೂ ಹೇಳ್ದೆ ಬದುಕಿದೋರು ನಾವು. ಈಗ ಭತ್ಯೆ ಆಫೀಸಿನ ಕೌಂಟರ್ ಹುಡುಗನಿಗೆ ಮೊದಲು ಹೇಳ್ಬೇಕಂತೆ. ಹೇಳ್ದೆ ಇದ್ರೆ ಮೋಸ ಅಂತೆ."

ಬೆರಿಲ್ ಫೋಟೋಗಳನ್ನು ಮೆಲ್ಲಗೆ ಲಕೋಟೆಗೆ ಸೇರಿಸಿದಳು. ಏವಿಸ್ ತನ್ನ ಕುರ್ಚಿಯನ್ನು ಎಡ್ಗರ್ ಹತ್ತಿರಕ್ಕೆ ಎಳೆದುಕೊಂಡಳು. "ನಿಮ್ಮ ಮಾತು ಸರಿ," ಎಂದಳು. "ನಾನೂ ಬೆಕ್ಕಿಗೆ ಮಂಚ ಹಾಕ್ದೋಳೇ. ನಾನು ಜೊತೆಗೆ ಬರ್ತೀನಿ. ಕೌಂಟರಲ್ಲಿ ನಿಂತು ಹೇಳೋದು ಬೇಡ, ಬಾಗಿಲು ಹಾಕಿರೋ ಕೋಣೆ ಕೇಳೋಣ. ಕೊಡದೆ ಇದ್ರೆ ನಾನು ಅಲ್ಲೇ ಕೂತ್ಕೋತೀನಿ. ಮಂಡಿ ನೋವು ಬೇರೆ, ಎಬ್ಬಿಸೋಕೆ ನಾಲ್ಕು ಜನ ಬೇಕಾಗುತ್ತೆ."

ಎಡ್ಗರ್ ಮೊದಲ ಸಲ ನಕ್ಕ. ಮರುದಿನ ಮೂವರೂ ಹೋದರು. ಕೋಣೆ ಸಿಕ್ಕಿತಂತೆ. ಎಲ್ಲ ಬರೆದುಕೊಂಡರಂತೆ. ವಿಲ್ಫ್‌ನ ನೆರವು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಎಡ್ಗರ್ ಅಣ್ಣನಿಗೆ ಹೇಳಿದ್ದು ಮುಂದಿನ ವರ್ಷ, ತನಗೆ ಬೇಕೆನಿಸಿದ ದಿನ, ತನ್ನ ಬಾಯಿಂದಲೇ.

ಮೂವರೂ ಕಚೇರಿಗೆ ಹೋದ ಆ ದಿನ ಏವಿಸ್ ಮನೆಗೆ ಬಂದದ್ದು ತಡವಾಗಿ, ಬೂಟಿನ ತುಂಬ ಮರಳು. ಬೆರಿಲ್ ಬಗ್ಗಿ ಲೇಸು ಬಿಚ್ಚುತ್ತಾ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು.

"ಕಡಲ ದಂಡೆಗೆ. ಐಸ್‌ಕ್ರೀಮ್ ಕೊಡಿಸಿದ್ರು. ಆಮೇಲೆ ಎಡ್ಗರ್ ವಿಲ್ಫ್ ತೋಳು ಹಿಡ್ಕೊಂಡು ನಡೆದ, ಎಲ್ರೂ ನೋಡೋ ಹಾಗೆ. ಜನ್ಮದಲ್ಲಿ ಇದೇ ಮೊದಲಂತೆ."

"ಎಷ್ಟು ದೂರ?"

"ಮಳೆ ಬರೋವರೆಗೂ."

"ಮಳೆ ಬಂದ ಮೇಲೆ?"

"ಅವರ ಹತ್ರ ಇದ್ದದ್ದು ಒಂದೇ ಕೊಡೆ," ಎಂದಳು ಏವಿಸ್, ಇನ್ನೊಂದು ಕಾಲನ್ನೂ ಮುಂದೆ ಚಾಚುತ್ತಾ.